ತುಟಿಯಂಚಿಗೆ ಒಂದು ಬೆರಳು

ಕಾಯುವುದೆಂದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಅನ್ನ ಕುದಿಯುತ್ತಿರುವಾಗಲೇ ನಾಲ್ಕು ಸಲ ಮುಚ್ಚಳ ತೆಗೆದು ನೋಡುವವಳು ನಾನು. ಬಸ್ಸು ಇನ್ನೂ ಐನಾಪುರ ದಾಟುವ ಮೊದಲೇ ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಗೆ ಬಂದು ನಿಲ್ಲುವವಳು. ಅಂಥವಳನ್ನು ಎದುರಿಗೆ ಕೂರಿಸಿಕೊಂಡು ಕಲಬುರ್ಗಿಯ ದವಾಖಾನೆಯ ಡಾಕ್ಟರು, "ಮುಖದ ನರ ದಿನಕ್ಕ ಒಂದು ಮಿಲಿಮೀಟರ್ ಬೆಳೀತದ್ರಿ. ಅಲ್ಲೀತನಕ ಗಡಿಬಿಡಿ ಮಾಡಬ್ಯಾಡ್ರಿ" ಎಂದರು.

ಇದು ೧೯೬೨ರ ಮಾತು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆರು ವರ್ಷವಾಗಿತ್ತು. ಊರೂರಿಗೆ ಕನ್ನಡ ಶಾಲೆ ತೆರೆಯುತ್ತಿದ್ದರು, ಪಾಠ ಹೇಳುವವರು ಸಿಗುತ್ತಿರಲಿಲ್ಲ. ಹಾಗಾಗಿ ಚಿತ್ತಾಪುರದ ಅಮೃತಮ್ಮ ಎಂಬ ಇಪ್ಪತ್ತಮೂರು ವರ್ಷದ ನನಗೂ ನೌಕರಿ ಸಿಕ್ಕಿತ್ತು. ಊರು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ. ಒಂದನೆಯ ಇಯತ್ತೆ ನನಗೆ, ಎರಡರಿಂದ ನಾಲ್ಕರವರೆಗೆ ಹೆಡ್‌ಮಾಸ್ತರ ಸಂಗಣ್ಣನವರಿಗೆ. ನಡುವೆ ಒಂದು ಮಣ್ಣಿನ ಗೋಡೆ. ಎರಡು ವರ್ಷ ಹಂಗಾಮಿ ಕೆಲಸ, ಆಮೇಲೆ ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ಸರಿ ಎಂದು ಬರೆದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಮನೆಯೆಂದರೆ ಶಹಾಬಾದಿನಲ್ಲಿದ್ದ ಅಣ್ಣ ಕಾಶಪ್ಪನ ಮನೆ. ಅಲ್ಲಿ ನನಗೆ ಕಾದಿದ್ದು ಒಂದು ಮೂಲೆ, ಅತ್ತಿಗೆ ಸುಂದರಬಾಯಿಯ ಗಂಟುಮುಖ, ಮತ್ತು ಜೀವ ಇರುವವರೆಗೂ ಅವಳ ಒಲೆ. ಬರುವ ಫೆಬ್ರವರಿಗೆ ನನ್ನ ಎರಡು ವರ್ಷ ಮುಗಿಯುವುದಿತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಶಾಲೆಗೆ ಓಡುತ್ತಿದ್ದೆ. ಹಣಮಪ್ಪನ ದನದ ಕೊಟ್ಟಿಗೆಯ ಮುಂದೆ ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು. ಬಗ್ಗಿ ಎಳೆಯುವಾಗ ಪಕ್ಕದಲ್ಲಿ ಕಟ್ಟಿದ್ದ ಎತ್ತು ನೊಣ ಓಡಿಸಲು ತಲೆ ಕೊಡವಿತು. ಕೋಡಿನ ತುದಿ ನನ್ನ ಬಲಗಿವಿಯ ಕೆಳಗೆ ಇಳಿಯಿತು. ಎತ್ತಿನದೇನೂ ತಪ್ಪಿಲ್ಲ, ನೊಣಕ್ಕೂ ನನಗೂ ಅದು ಭೇದ ಮಾಡಲಿಲ್ಲ ಅಷ್ಟೆ. ಚಿಂಚೋಳಿಯಲ್ಲಿ ಹೊಲಿಗೆ ಹಾಕಿ ರಕ್ತ ನಿಲ್ಲಿಸಿದರು. ಮೂರನೆಯ ದಿನ ನನ್ನ ಮನೆಯೊಡತಿ ಹಸೀನಾಬೇಗಂ ಚಹಾ ಕೊಡಲು ಬಂದವರು ನನ್ನನ್ನೇ ನೋಡುತ್ತ ನಿಂತರು.

"ಅಕ್ಕೋರೆ, ನಿಮ್ಮ ಮಾರಿ ಅರ್ಧಾನೇ ನಗಲಿಕತ್ತದ" ಎಂದರು.

ನಿಜವಾಗಿತ್ತು. ಬಲ ಹುಬ್ಬು ಏಳುತ್ತಿರಲಿಲ್ಲ, ಬಲಗಣ್ಣು ಮುಚ್ಚುತ್ತಿರಲಿಲ್ಲ. ಬಾಯಿ ಎಡಕ್ಕೆ ಜಗ್ಗಿ ನಿಂತಿತ್ತು, ಕುಡಿದ ಚಹಾ ಬಲಗಡೆಯಿಂದ ಸೀರೆಯ ಮೇಲೆ ಸೋರಿತು. ಆಗಲೇ ಕಲಬುರ್ಗಿಗೆ ಹೋದದ್ದು. ಅಲ್ಲಿಯ ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ನರ ಜಜ್ಜಿದೆ, ಹರಿದಿಲ್ಲ, ಕಿವಿಯ ಬುಡದಿಂದ ಹೊಸದಾಗಿ ಚಿಗುರಿ ತುಟಿಯತನಕ ಬರಬೇಕು ಎಂದು ತಿಳಿಸಿ ಹೇಳಿದರು.

"ರಾತ್ರಿ ಕಣ್ಣಿಗಿ ಪಟ್ಟಿ ಕಟ್ಟಿ ಮಲಗ್ರಿ. ಕನ್ನಡಿ ಮುಂದ ಕುಂತು ಪ ಅನ್ರಿ, ಬ ಅನ್ರಿ, ಮ ಅನ್ರಿ. ಬಲಗಡಿ ತುಟಿಯಂಚಿಗೆ ಒಂದು ಬೆರಳ ಆನಿಸಿ ಹಿಡೀರಿ, ಗಾಳಿ ಸೋರಬಾರ್ದು. ಮುಂಜಾನಿ ಐದು ಸಲ, ಸಂಜಿಕ ಐದು ಸಲ, ಅಷ್ಟಽ."

"ಐವತ್ತು ಸಲ ಮಾಡಿದ್ರ ಲಗೂ ಆಗೂದಿಲ್ಲೇನ್ರಿ?" ಎಂದು ಕೇಳಿದೆ.

"ಜಬರ್ದಸ್ತಿ ಮಾಡಿದ್ರ ನರ ದಾರಿ ತಪ್ತದವ್ವ. ತುಟಿಗಿ ಹೋಗೂದು ಕಣ್ಣಿಗಿ ಹೋಗ್ತದ."

ನಾನು ಹೂಂಗುಟ್ಟಿದೆ. ಆದರೆ ಹೊರಗೆ ಬರುವಷ್ಟರಲ್ಲೇ ನನ್ನ ತಲೆಯಲ್ಲಿ ಐವತ್ತು ಎಂಬುದು ಗಟ್ಟಿಯಾಗಿತ್ತು.

ಮೂರು ವಾರ ರಜೆ ಶಹಾಬಾದಿನಲ್ಲಿ ಕಳೆದೆ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಹಿಟ್ಟು ಕೇಳುವ, ಬೆಂಕಿ ಕೇಳುವ ನೆಪದಲ್ಲಿ ಬಂದು ನನ್ನ ಮುಖ ನೋಡಿ ಹೋದರು. ಅಣ್ಣ ಒಂದು ದಿನ ಊಟಕ್ಕೆ ಕೂತಾಗ ತಲೆಯೆತ್ತದೆಯೇ ಹೇಳಿದ: "ಸಾಲಿ ಬಿಟ್ಟುಬಿಡು. ಹಿಂಥಾ ಬಾಯಿ ತಗೊಂಡು ಏನು ಪಾಠ ಹೇಳ್ತಿ? ಇನ್ಸ್‌ಪೆಕ್ಟರ್ ನೋಡಿದ ದಿನಾನೇ ತೆಗೀತಾನ." ಅವನು ಕೆಟ್ಟವನಲ್ಲ. ಆದರೆ ಆ ಮಾತು ಕೇಳಿದಾಗ ಎದುರಿಗಿದ್ದ ತಟ್ಟೆ ಎತ್ತಿ ಒಗೆಯಬೇಕೆನಿಸಿತು. ಮರುದಿನವೇ ವಾಡಿ ದಾಟಿ, ಚಿತ್ತಾಪುರ, ಸೇಡಂ ಮೇಲಿಂದ ಚಿಮ್ಮನಚೋಡಕ್ಕೆ ಬಂದುಬಿಟ್ಟೆ.

ಇಲಾಖೆಯಿಂದ ಶಾಲೆಗೆ ಆಗತಾನೇ ಮಿಲಿಮೀಟರಿನ ಗೆರೆಗಳಿದ್ದ ಹೊಸ ಅಳತೆಪಟ್ಟಿ ಬಂದಿತ್ತು. ಮೊದಲು ಅಳೆದದ್ದು ನನ್ನ ಮುಖವನ್ನು. ಕಿವಿಯಿಂದ ತುಟಿಯಂಚಿಗೆ ನೂರಾ ಹತ್ತು. ಅಂದರೆ ನೂರಾ ಹತ್ತು ದಿನ. ಹಸೀನಾಬೇಗಂ ಅವರ ಮನೆಯ ಕ್ಯಾಲೆಂಡರಿನಲ್ಲಿ ನವೆಂಬರಿನ ಒಂದು ದಿನಕ್ಕೆ ಸುತ್ತು ಹಾಕಿದೆ.

ಈಗ ನಾನು ಮಾಡಿದ ಕೆಲಸ ಹೇಳಬೇಕು. ತರಗತಿಗೆ ಹೋದ ಮೊದಲ ದಿನ ಮೂವತ್ತೊಂದು ಮಕ್ಕಳು ನನ್ನನ್ನೇ ನೋಡುತ್ತ ಕೂತಿದ್ದವು. ಜುಲೈವರೆಗೆ ಅ ಆ ಇ ಈ ಮುಗಿಸಿದ್ದೆ, ಇನ್ನು ಕ ಖ ಗ ಶುರು ಮಾಡಬೇಕಿತ್ತು. ನಾನು ಹಲಗೆಯ ಮೇಲೆ ಪ ಎಂದು ಬರೆದೆ. ಅಪ್ಪ, ಅಮ್ಮ ಎನ್ನುವ ಮಕ್ಕಳಿಗೆ ಇದೇ ಸುಲಭ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವೇನೆಂದರೆ ಪ ಫ ಬ ಭ ಮ ಬೇಕಾಗಿದ್ದದ್ದು ನನ್ನ ಬಾಯಿಗೆ. ಮನೆಯಲ್ಲಿ ಐವತ್ತು ಸಲ ಅಂದರೆ ಹಸೀನಾಬೇಗಂ ನಗುತ್ತಿದ್ದರು. ಶಾಲೆಯಲ್ಲಿ ಐನೂರು ಸಲ ಅಂದರೂ ಅದು ಪಾಠ.

ಇಷ್ಟಕ್ಕೇ ನಿಲ್ಲಲಿಲ್ಲ. ಹಸೀನಾಬೇಗಂ ಅವರಿಂದ ಒಂದು ಮೊಳದ ಕನ್ನಡಿ ಕೇಳಿ ತಂದು ತರಗತಿಯ ಹಿಂದಿನ ಗೋಡೆಗೆ, ಮಕ್ಕಳ ತಲೆಗಿಂತ ಮೇಲೆ ತೂಗುಹಾಕಿದೆ. ಹಲಗೆಯ ಮುಂದೆ ನಿಂತು ಬಲ ತುಟಿಯಂಚಿಗೆ ಬೆರಳು ಆನಿಸಿ, ಕನ್ನಡಿ ನೋಡುತ್ತ, "ಪ, ಪಾಟಿ" ಎನ್ನುತ್ತಿದ್ದೆ. ಕೆಳಗಿನಿಂದ ಮೂವತ್ತೊಂದು ದನಿ "ಪ, ಪಾಟಿ" ಎನ್ನುತ್ತಿದ್ದವು. "ಬ, ಬಳಪ." "ಬ, ಬಳಪ." ಮಕ್ಕಳು ಎಲ್ಲಿ ನೋಡುತ್ತಿವೆ, ಹೇಗೆ ನೋಡುತ್ತಿವೆ ಎಂದು ಒಂದು ದಿನವೂ ಕೆಳಗೆ ನೋಡಲಿಲ್ಲ. ನನಗೆ ಬೇಕಾದದ್ದು ಗೋಡೆಯ ಮೇಲಿತ್ತು.

ಆ ತಿಂಗಳುಗಳು ಹೇಗೆ ಕಳೆದವೋ ದೇವರಿಗೇ ಗೊತ್ತು. ಕೂತಲ್ಲಿ ಕೂರುತ್ತಿರಲಿಲ್ಲ. ರೊಟ್ಟಿ ತಟ್ಟುವಾಗ ಕೈ ಬಿಟ್ಟು ಕೆನ್ನೆ ಮುಟ್ಟಿ ನೋಡುವುದು, ಹೊಳೆಗೆ ನೀರಿಗೆ ಹೋದರೆ ನೀರಿನಲ್ಲಿ ಮುಖ ನೋಡುವುದು, ಬಸ್ಸಿನ ಕಿಟಕಿಯ ಗಾಜು ಕಂಡರೆ ಅದರಲ್ಲಿ ಇಣುಕುವುದು. ಕೆನ್ನೆಯೊಳಗೆ ಜಾಯಿಕಾಯಿ ಇಟ್ಟುಕೊಳ್ಳಿ ಎಂದು ಹಸೀನಾಬೇಗಂ ಕೊಟ್ಟರು. ಇಟ್ಟುಕೊಂಡೆ. ದಿನಕ್ಕೆ ಒಂದು ಎಂದರೆ ಎರಡು ಇಟ್ಟುಕೊಂಡೆ, ನಾಲಿಗೆ ಸುಟ್ಟುಕೊಂಡೆ.

"ಅಕ್ಕೋರೆ, ಬೀಜ ಹಾಕಿ ದಿನಾ ಅಗದು ನೋಡಿದ್ರ ಬೆಳಿ ಬರ್ತದೇನ್ರಿ?" ಎಂದರು ಅವರು.

"ನಿಮ್ಮ ಬಾಯಿ ನೆಟ್ಟಗದ, ನೀವು ಏನು ಬೇಕಾದ್ರೂ ಮಾತಾಡ್ತೀರಿ" ಎಂದೆ. ಅವರು ನಕ್ಕು ಒಳಗೆ ಹೋದರು. ನನಗೆ ಹೊಟ್ಟೆಕಿಚ್ಚಾಯಿತು, ಪೂರ್ತಿ ನಗುವವರನ್ನು ಕಂಡರೆ ಆಗ ನನಗೆ ಆಗುತ್ತಿರಲಿಲ್ಲ.

ಸುತ್ತು ಹಾಕಿದ ದಿನ ಬಂತು. ನಸುಕಿನಲ್ಲೇ ಎದ್ದು ಕನ್ನಡಿ ಹಿಡಿದೆ. ಬಲಗಡೆ ಏನೂ ಇಲ್ಲ. ಮಧ್ಯಾಹ್ನ ನೋಡಿದೆ, ಇಲ್ಲ. ಸಂಜೆ ನೋಡಿದೆ, ಇಲ್ಲ. ಕ್ಯಾಲೆಂಡರಿನ ಆ ಹಾಳೆ ಹರಿದು ಒಲೆಗೆ ಹಾಕಿದೆ. ಹಸೀನಾಬೇಗಂ ಡಿಸೆಂಬರಿನ ಹಾಳೆ ಸರಿ ಮಾಡಿ ತೂಗುಹಾಕಿದರು. ಮಾರನೆಯ ದಿನ ತರಗತಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪ ಬ ಮ ಹೇಳಿಸಿದೆ. ಮಕ್ಕಳ ಗಂಟಲು ಒಣಗಿತು. ಗೋಡೆಯಾಚೆಯಿಂದ ಸಂಗಣ್ಣ ಮಾಸ್ತರರು ಕೇಳಿದರು.

"ಅಮೃತಮ್ಮ, ದೀವಳಿಗಿ ಆಗಿ ಹೋತು. ನಿಮ್ಮ ಪ ಇನ್ನಾ ಮುಗೀಲಿಲ್ಲೇನ್ರಿ?"

"ಬುನಾದಿ ಗಟ್ಟಿ ಮಾಡಲಿಕತ್ತೀನ್ರಿ" ಎಂದೆ. ಪಾಪ, ಒಳ್ಳೆಯ ಮನುಷ್ಯ, ನಂಬಿದರು. ಅವರಿಗೆ ಮೂರು ಇಯತ್ತೆ ಸಂಭಾಳಿಸುವುದೇ ಸಾಕಾಗಿತ್ತು, ನನ್ನ ಕಡೆ ಬಂದು ನೋಡಲು ಪುರುಸೊತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ಚೊಕ್ಕವಾದ ಪ ಬ ಮ.

ಡಿಸೆಂಬರಿನ ಮೂರನೆಯ ವಾರ ಒಂದು ಮುಂಜಾನೆ ಚಹಾ ಕುಡಿದು ಲೋಟ ಕೆಳಗಿಟ್ಟೆ. ಸೀರೆ ಒದ್ದೆಯಾಗಿರಲಿಲ್ಲ. ಕನ್ನಡಿ ಹಿಡಿದು ಹಲ್ಲು ಕಿಸಿದೆ. ಬಲ ತುಟಿಯ ಅಂಚು ಒಂದು ಎಳ್ಳುಕಾಳಿನಷ್ಟು ಅಲುಗಿತು. ಮತ್ತೆ ಕಿಸಿದೆ, ಮತ್ತೆ ಅಲುಗಿತು. ಗೋಡೆಗೆ ಒರಗಿ ಕೂತು ಗಳಗಳನೆ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಜನವರಿಯಲ್ಲಿ ಹುಬ್ಬು ಎದ್ದಿತು, ಬಲಗಣ್ಣು ಮುಚ್ಚಿತು. ಆದರೆ ಡಾಕ್ಟರು ಹೆದರಿಸಿದ್ದದ್ದು ಸುಳ್ಳಾಗಲಿಲ್ಲ. ತುಟಿ ಕೂಡಿಸಿದರೆ ಅದರ ಜೊತೆಗೆ ಬಲಗಣ್ಣೂ ಮುಚ್ಚಿಕೊಳ್ಳುತ್ತಿತ್ತು. ಪ ಎಂದರೆ ಕಣ್ಣು ಹೊಡೆದಂತೆ ಕಾಣುತ್ತಿತ್ತು. ಗಡಿಬಿಡಿ ಮಾಡಿದ್ದಕ್ಕೆ ನರ ದಾರಿ ತಪ್ಪಿತ್ತು. ಇದಿಷ್ಟು ಇರಲಿ, ತುಟಿ ನೆಟ್ಟಗಾದರೆ ಸಾಕು ಎಂದುಕೊಂಡು ಮತ್ತೆ ಬೆರಳು ಆನಿಸಿ, ಕನ್ನಡಿ ನೋಡುತ್ತ, ಪ ಬ ಮ ನಡೆಸಿದೆ.

ಫೆಬ್ರವರಿ ಎರಡನೆಯ ವಾರ ಇನ್ಸ್‌ಪೆಕ್ಟರು ಬರುತ್ತಾರೆಂದು ಕಾಗದ ಬಂತು. ಬರುವ ದಿನ ಬೆಳಿಗ್ಗೆ ಮನೆಯಲ್ಲಿ ಬೆರಳು ತೆಗೆದು ಪ ಎಂದೆ. ಗಾಳಿ ಎಲ್ಲಿಯೂ ಸೋರಲಿಲ್ಲ, ಬಾಯಿ ಎಡಕ್ಕೆ ಹೋಗಲಿಲ್ಲ. ಕಣ್ಣು ಚೂರು ಮುಚ್ಚಿತು, ಅಷ್ಟು ಬಿಟ್ಟರೆ ನೆಟ್ಟಗಿತ್ತು. ಏಳು ತಿಂಗಳಾದ ಮೇಲೆ ನನ್ನ ಪ ನನಗೆ ಸಿಕ್ಕಿತ್ತು. ಓಡುತ್ತ ಶಾಲೆಗೆ ಹೋಗಿ, ಯಾರಾದರೂ ಏನೆಂದಾರೆಂದು ಮೊದಲು ಹಿಂದಿನ ಗೋಡೆಯ ಕನ್ನಡಿ ತೆಗೆದು ಮೂಲೆಯಲ್ಲಿಟ್ಟೆ.

ಇನ್ಸ್‌ಪೆಕ್ಟರ ಹೆಸರು ನಾಗೇಂದ್ರಪ್ಪ. ಬಿಳಿ ಪೈಜಾಮ, ಕರಿ ಕೋಟು, ಕೈಯಲ್ಲಿ ಒಂದು ಉದ್ದನೆಯ ಪುಸ್ತಕ. ನನ್ನ ಕಾಗದಪತ್ರ ಮೊದಲೇ ನೋಡಿಕೊಂಡು ಬಂದಿದ್ದರು. "ಈಗ ಆರಾಮ ಅದೀರೇನ್ರಿ?" ಎಂದು ಮೆತ್ತಗೆ ವಿಚಾರಿಸಿ, ಕುರ್ಚಿಯಲ್ಲಿ ಕೂತು, ಹಲಗೆಯ ಮೇಲಿದ್ದ ಪ ಅಕ್ಷರಕ್ಕೆ ಕೋಲು ತೋರಿಸಿದರು. ಸಂಗಣ್ಣ ಮಾಸ್ತರರು ಬೆತ್ತ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಹಲಗೆಯ ಪಕ್ಕಕ್ಕೆ ಸರಿದೆ.

"ಏನಿದು? ಎಲ್ಲಾರೂ ಅನ್ರಿ."

ಮೂವತ್ತೊಂದು ಕೈ ಮೇಲೆದ್ದವು. ಮೂವತ್ತೊಂದು ಬೆರಳು ತುಟಿಯಂಚಿಗೆ ಆನಿದವು, ಕೆಲವರದು ಎಡಗೈ, ಕೆಲವರದು ಬಲಗೈ. ಮೂವತ್ತೊಂದು ಬಾಯಿ ಒಂದು ಪಕ್ಕಕ್ಕೆ ಜಗ್ಗಿದವು, ಒಂದೊಂದು ಕಣ್ಣು ಮುಚ್ಚಿತು. "ಪ" ಎಂದವು.

ಕನ್ನಡಿ ಇರಲಿಲ್ಲವಾದ್ದರಿಂದ ಅಂದು ನಾನು ಮಕ್ಕಳನ್ನು ನೋಡಿದೆ. ಒಂದು ಮಗುವಿನ ಮುಖದಲ್ಲೂ ತುಂಟತನ ಇರಲಿಲ್ಲ. ಕೈ ಕಟ್ಟಿ ಕೂರುವುದು, ಎದ್ದು ನಿಂತು ಉತ್ತರ ಹೇಳುವುದು ಹೇಗೋ ಹಾಗೆ ಬೆರಳು ಆನಿಸಿ ಕಣ್ಣು ಮುಚ್ಚುವುದೂ ಶಾಲೆಯ ಪದ್ಧತಿ ಎಂದು ತಿಳಿದಿದ್ದವು. ಮನೆಯಲ್ಲಿ ಕೆಲವರದು ತೆಲುಗು, ಕೆಲವರದು ಉರ್ದು, ತಾಂಡಾದವರದು ಲಂಬಾಣಿ. ಶಾಲೆಯ ಅಕ್ಷರ ಹೇಗಿರುತ್ತದೆ ಎಂದು ಅವರಿಗೆ ತೋರಿಸಬೇಕಾದ ಬಾಯಿ ಇದ್ದದ್ದು ನನ್ನದೊಂದೇ.

ನಾಗೇಂದ್ರಪ್ಪನವರ ಮುಖ ಕೆಂಪಾಯಿತು.

"ಏನಿದು ಚಾಷ್ಟಿ? ಜಡ್ಡಾಗಿ ಎದ್ದು ಬಂದ ಅಕ್ಕೋರ ಬಾಯಿ ಅಣಗಸ್ತೀರೇನು? ಮಾಸ್ತರೆ, ಇದಽ ಏನು ನೀವು ಕಲಿಸಿದ್ದು?"

ಅವರ ಸಿಟ್ಟು ನನ್ನ ಪರವಾಗಿತ್ತು. ಆ ಕ್ಷಣ ನನಗೆ ಅದು ಸ್ಪಷ್ಟವಾಗಿ ಗೊತ್ತಾಯಿತು. ನಾನು ಏನೂ ಮಾಡಬೇಕಾಗಿರಲಿಲ್ಲ. ಸೆರಗು ಕಣ್ಣಿಗೆ ಒತ್ತಿಕೊಂಡು ಸುಮ್ಮನೆ ನಿಂತರೆ ಸಾಕಿತ್ತು, ಪಾಪ ಎನ್ನಿಸಿ ಕಾಯಂ ಎಂದು ಬರೆದು ಹೋಗುತ್ತಿದ್ದರು. ನಾನು ಸುಮ್ಮನೆ ನಿಂತೆ. ಸಂಗಣ್ಣ ಮಾಸ್ತರರು ಬಂದು ಮುಂದಿನ ಸಾಲಿನ ಅಂಬರಾಯನಿಗೆ ಕೈ ಚಾಚು ಎಂದರು. ಅಂಬರಾಯ ಹೊಳೆದಂಡೆಯ ಓಣಿಯ ಆರು ವರ್ಷದ ಹುಡುಗ, ತೆಲುಗು ಬಿಟ್ಟರೆ ಅವನಿಗೆ ಬರುತ್ತಿದ್ದದ್ದು ಪ ಬ ಮ ಮಾತ್ರ. ಅವನು ಬಲಗೈ ಚಾಚಿದ. ಎಡಗೈಯ ಬೆರಳು ಇನ್ನೂ ತುಟಿಯ ಮೇಲೇ ಇತ್ತು, ತೆಗೆಯುವಂತೆ ಯಾರೂ ಹೇಳಿರಲಿಲ್ಲವಲ್ಲ.

ಬೆತ್ತ ಬಿತ್ತು. ಎರಡನೆಯದಕ್ಕೆ ಮಾಸ್ತರರು ಕೈ ಎತ್ತಿದಾಗ ನಾನು ನಡುವೆ ಹೋದೆ.

"ಹೊಡಿಬ್ಯಾಡ್ರಿ. ಅವು ಅಣಗಸಲಿಕತ್ತಿಲ್ಲ. ನಾನಽ ಹಂಗ ಕಲಿಸೀನಿ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಬೆರಳಿನ ವಿಷಯ, ಕನ್ನಡಿಯ ವಿಷಯ, ನನ್ನ ಬಾಯಿಗಾಗಿ ಆಗಸ್ಟಿನಿಂದ ಈ ಮಕ್ಕಳಿಂದ ಪ ಬ ಮ ಹೇಳಿಸುತ್ತಿರುವುದು, ಎಲ್ಲ ಹೇಳಿದೆ. ಮಾತಿನ ಭರದಲ್ಲಿ ಬಲಗಣ್ಣು ಪಟಪಟನೆ ಮುಚ್ಚಿ ತೆರೆಯುತ್ತಿತ್ತು.

"ಕ ಖ ಗ?" ಎಂದು ಕೇಳಿದರು ನಾಗೇಂದ್ರಪ್ಪನವರು.

"ಇಲ್ಲರಿ."

"ತ ಥ ದ?"

"ಏನೂ ಇಲ್ಲರಿ. ಅ ಆ ಮತ್ತ ಇವು ಐದು ಅಕ್ಷರ, ಅಷ್ಟಽ."

ಅವರು ಪುಸ್ತಕ ತೆರೆದು ಪೆನ್ನು ತೆಗೆದರು. ಆಮೇಲೆ ತಲೆಯೆತ್ತಿ, "ಈಗ ನಿಮ್ಮ ಬಾಯಿ ಹ್ಯಾಂಗದ? ಅನ್ರಿ ನೋಡೋಣ" ಎಂದರು.

ನಾನು ಕೈ ಕೆಳಗಿಟ್ಟು, ಮಕ್ಕಳ ಕಡೆ ತಿರುಗಿ, ಪ ಎಂದೆ. ನೆಟ್ಟಗೆ ಬಂತು. ಏಳು ತಿಂಗಳು ನಾನು ಬೇಡಿಕೊಂಡ ಪ ಅದೇ. ಎರಡನೆಯ ಸಾಲಿನಿಂದ ಚಂದಮ್ಮ ಎದ್ದು ನಿಂತಳು. ಎಲ್ಲದರಲ್ಲೂ ಮುಂದೆ ಬೀಳುವ ಹುಡುಗಿ, ಮೈಯೆಲ್ಲ ಬಳಪದ ಪುಡಿ.

"ಹಂಗಲ್ಲರಿ ಅಕ್ಕೋರೆ" ಎಂದಳು. ಹತ್ತಿರ ಬಂದು, ತುದಿಗಾಲಿನಲ್ಲಿ ನಿಂತು, ನನ್ನ ತುಟಿಯಂಚಿಗೆ ತನ್ನ ಬೆರಳು ಆನಿಸಿದಳು. "ಬೊಟ್ಟ ಹಚ್ಚೂದು ಮರತ್ರಿ."

ನಾನು ಅವಳೆದುರು ಮೊಣಕಾಲೂರಿ ಕೂತೆ. "ಬೊಟ್ಟ ಬ್ಯಾಡವ್ವ. ಮನ್ಯಾಗ ಅಪ್ಪಗ ಹ್ಯಾಂಗ ಕರೀತಿ, ಹಂಗಽ ಅನ್ನಬೇಕು."

"ಮನ್ಯಾಗಿಂದು ಮನ್ಯಾಗ್ರಿ. ಸಾಲ್ಯಾಗ ಬೊಟ್ಟ ಹಚ್ಚಿ ಅನ್ನಬೇಕು. ನೀವಽ ದಿನಾ ಹಚ್ಚತಿದ್ರಿ."

"ನಾ ತಪ್ಪ ಮಾಡಿದೆ. ನನ್ನ ಬಾಯಿಗಿ ಬ್ಯಾನಿ ಆಗಿತ್ತು, ಅದಕ್ಕ ಹಚ್ಚಕೊತಿದ್ದೆ. ನಿಮ್ಮ ಬಾಯಿ ನೆಟ್ಟಗದ, ನಿಮಗ ಬ್ಯಾಡ."

ಅವಳಿಗೆ ನಂಬಿಕೆ ಬರಲಿಲ್ಲ. ಹಿಂದೆ ತಿರುಗಿ ಉಳಿದವರ ಮುಖ ನೋಡಿದಳು. ಅಷ್ಟರಲ್ಲಿ ನಾಗೇಂದ್ರಪ್ಪನವರು ಬರೆದು ಮುಗಿಸಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: ಅಮೃತಮ್ಮನವರ ಹಂಗಾಮಿ ಕೆಲಸ ಇನ್ನೊಂದು ವರ್ಷ ಮುಂದುವರಿಯತಕ್ಕದ್ದು, ಇವೇ ಮಕ್ಕಳು ಇವರ ಹತ್ತಿರವೇ ಇರತಕ್ಕದ್ದು, ಕ ಅಕ್ಷರದಿಂದ ಪಾಠ ಶುರುವಾಗತಕ್ಕದ್ದು. "ಕೆಡಿಸಿದವರೇ ನೆಟ್ಟಗ ಮಾಡ್ರಿ" ಎಂದು ಬಾಯಿಮಾತಿನಲ್ಲಿ ಸೇರಿಸಿ ನನ್ನ ಕೈಗೆ ಪೆನ್ನು ಕೊಟ್ಟರು. ಸಹಿ ಹಾಕಿದೆ. ಶಹಾಬಾದಿಗೆ ಹೋಗಬೇಕಾಗಿಲ್ಲ. ನಾಚಿಕೆಯಾಗಬೇಕಾದ ಹೊತ್ತಿನಲ್ಲಿ ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಚಂದಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಏನೋ ಲೆಕ್ಕ ಸರಿಹೋಗದಂತೆ ಹುಬ್ಬು ಗಂಟಿಕ್ಕಿದ್ದಳು.

"ಅಕ್ಕೋರೆ, ತಪ್ಪ ನಿಮ್ದೇನ್ರಿ?"

"ಹೂಂ."

"ಹಂಗಾರ ಅಂಬರಾಯಗ ಯಾಕ ಹೊಡದ್ರು?"

ನಾಗೇಂದ್ರಪ್ಪನವರು ಸಂಗಣ್ಣ ಮಾಸ್ತರರ ಕಡೆ ನೋಡಿದರು. ಮಾಸ್ತರರು ಬೆತ್ತವನ್ನು ಬಾಗಿಲ ಹಿಂದೆ ಇಟ್ಟರು. ಅಂಬರಾಯ ಹೊಡೆಸಿಕೊಂಡ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು, ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದ.

"ನಾ ಹೇಳೂದು ತಡ ಮಾಡಿದೆ, ಅದಕ್ಕ" ಎಂದೆ.